ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ

(ಗದಗಿನಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ರೋಗಿಗಳ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಸಲೀಸಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಯಾವ ಮನೆಯ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ನರ್ಸ್. ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಪ್ಯಾಲಿಯೇಟಿವ್ ಆರೈಕೆ, ಅಂದರೆ ರೋಗ ಗುಣ ಆಗಲಿ ಬಿಡಲಿ ನೋವು, ತ್ರಾಸು ತಗ್ಗಿಸುವ ಆರೈಕೆ, ಕೊಡುವ ಒಂದು ಸಣ್ಣ ತಂಡದಲ್ಲಿದ್ದೇನೆ. ಹುಬ್ಬಳ್ಳಿ-ಧಾರವಾಡದ ಓಣಿಗಳು, ಈ ಕಡೆ ಗದಗ, ಆ ಕಡೆ ಹಾವೇರಿ ಜಿಲ್ಲೆಯ ಹಳ್ಳಿಗಳು, ಇಷ್ಟು ನಮ್ಮ ಓಡಾಟ. ಒಂದು ಮನೆಗೆ ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಹೋಗುತ್ತೇವೆ. ತ್ರಾಸು ಜಾಸ್ತಿ ಇದ್ದರೆ ವಾರಕ್ಕೆ ಎರಡು ಸಲ. ಹೋದರೆ ಒಂದು ತಾಸು, ಒಂದೂವರೆ ತಾಸು ಇರುತ್ತೇವೆ. ಉಳಿದ ತಾಸೆಲ್ಲ ಯಾರದು? ಹೆಂಡತಿಯದು, ಸೊಸೆಯದು, ಮಗನದು, ಕೆಲವು ಕಡೆ ಬಾಜೂ ಮನೆಯವರದು. ರಾತ್ರಿ ಎದ್ದು ನೀರು ಕೊಡುವವರು, ಹೊರಳಿಸುವವರು, ಗುಳಿಗೆ ಎಣಿಸುವವರು ಅವರೇ. ಅವರ ಕೈಗೆ ಕೆಲಸ ಕಲಿಸುವುದು, ಅವರು ಫೋನ್ ಮಾಡಿದಾಗ ಎತ್ತುವುದು, ಇಷ್ಟೇ ನಮ್ಮ ಪಾಲು. ಇವತ್ತು ನಾನು ಏನು ಹೇಳಿದರೂ ಈ ಮಾತಿನ ಸುತ್ತಲೇ ತಿರುಗುತ್ತಿರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಇನ್ನ ಮಾಡೂದು ಏನೂ ಉಳದಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ." ಇಲ್ಲಿ ಕೂತವರಲ್ಲಿ ಕೆಲವರು ಈ ಮಾತನ್ನು ಕೇಳಿಸಿಕೊಂಡಿದ್ದೀರಿ. ಆ ಮಾತಿನ ಜೊತೆ ಒಂದು ದಪ್ಪ ಫೈಲು, ಒಂದು ಚೀಲದ ತುಂಬ ಸ್ಕ್ಯಾನ್ ಫಿಲ್ಮು ಕೈಗೆ ಬರುತ್ತದೆ. ಮನೆಗೆ ಹೋದ ಮೇಲೆ ರಾತ್ರಿ ನೋವು ಬಂದರೆ ಏನು ಕೊಡಬೇಕು, ಗಾಯ ಹೇಗೆ ತೊಳೆಯಬೇಕು, ವಾಂತಿ ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇದು ಆ ಫೈಲಿನಲ್ಲಿ ಇರುವುದಿಲ್ಲ. ಕ್ಯಾನ್ಸರ್ ಗುಣ ಆಗುವುದಿಲ್ಲ ಅನ್ನುವುದು ಒಂದು ವಿಷಯ. ಮಾಡುವುದು ಏನೂ ಇಲ್ಲ ಅನ್ನುವುದು ಬೇರೆಯೇ ವಿಷಯ. ಮೊದಲನೆಯದು ಎಷ್ಟೋ ಸಲ ನಿಜ. ಎರಡನೆಯದು ಸುಳ್ಳು. ನಿಜ ಹೇಳಬೇಕೆಂದರೆ, ನಮ್ಮ ಕೆಲಸದ ಬಹುಪಾಲು ಶುರುವಾಗುವುದೇ ಅಲ್ಲಿಂದ.

ಆದರೆ ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಬೇರೆ ಕಡೆಗೆ ಹಬ್ಬಿದ್ದ 151 ಜನರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಕ್ಯಾನ್ಸರ್ ಚಿಕಿತ್ಸೆ ಇದ್ದೇ ಇತ್ತು. ಒಂದು ಗುಂಪಿಗೆ ಮಾತ್ರ ರೋಗ ಪತ್ತೆಯಾದ ಶುರುವಿನಿಂದಲೇ ಪ್ಯಾಲಿಯೇಟಿವ್ ತಂಡದ ಆರೈಕೆಯೂ ಸೇರಿತ್ತು. ಆ ಗುಂಪಿನವರು ಹೆಚ್ಚು ನೆಮ್ಮದಿಯಾಗಿದ್ದರು, ಮನಸ್ಸು ಕುಗ್ಗಿದವರು ಕಡಿಮೆ. ಇದನ್ನು ಎಲ್ಲರೂ ನಿರೀಕ್ಷಿಸಿದ್ದರು. ಯಾರೂ ನಿರೀಕ್ಷಿಸದೆ ಇದ್ದದ್ದು ಇನ್ನೊಂದು. ಅವರು ಜಾಸ್ತಿ ದಿನ ಬದುಕಿದರು. ಮಧ್ಯಮ ಲೆಕ್ಕದಲ್ಲಿ, ಅಂದರೆ ಗುಂಪಿನ ಅರ್ಧ ಜನ ದಾಟಿದ ಹೊತ್ತು, 11.6 ತಿಂಗಳು, ಇನ್ನೊಂದು ಗುಂಪಿನವರು 8.9 ತಿಂಗಳು. ಅದೂ ಕೊನೆಯಲ್ಲಿ ಕಿಮೋದಂಥ ಜೋರು ಚಿಕಿತ್ಸೆ ಕಡಿಮೆ ತೆಗೆದುಕೊಂಡು. ಇದು ಒಂದು ಬಗೆಯ ಕ್ಯಾನ್ಸರಿನ ಲೆಕ್ಕ, ಎಲ್ಲದಕ್ಕೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ "ಪ್ಯಾಲಿಯೇಟಿವ್ ಅಂದ್ರ ಕೈ ಬಿಟ್ಟಂಗ" ಅನ್ನುವವರಿಗೆ ಇಷ್ಟಾದರೂ ಗೊತ್ತಿರಲಿ.

ಈಗ ನೋವಿನ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಯಾಕಂದರೆ ನೋವು ತಗ್ಗದೆ ಬೇರೆ ಯಾವ ಮಾತೂ ರೋಗಿಯ ಕಿವಿಗೆ ಹೋಗುವುದಿಲ್ಲ.

ಹಳೇ ಹುಬ್ಬಳ್ಳಿಯ ಒಂದು ಮನೆ. ಐವತ್ತರ ಆಸುಪಾಸಿನ ಹೆಣ್ಣುಮಗಳು. ಸ್ತನದ ಕ್ಯಾನ್ಸರ್ ಬೆನ್ನಿನ ಎಲುಬಿಗೆ ಹಬ್ಬಿತ್ತು. ನಾವು ಹೋದಾಗ ಗೋಡೆಗೆ ದಿಂಬು ಆನಿಸಿ ಕೂತಿದ್ದರು. ಮಲಗಿದರೆ ನೋವು ಜಾಸ್ತಿ ಅಂತ ಎಷ್ಟೋ ದಿನದಿಂದ ಕೂತೇ ನಿದ್ದೆ. ಮನೆಯಲ್ಲಿ ಮಾರ್ಫಿನ್ ಗುಳಿಗೆ ಇಲ್ಲವೇ ಅಂತ ಕೇಳಿದೆ. ಇತ್ತು! ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಮಗ ಅದನ್ನು ತಿಜೋರಿಯಲ್ಲಿ ಇಟ್ಟು ಕೀಲಿ ಹಾಕಿದ್ದ. ತಾಯಿ ತೀರಾ ಚೀರಾಡಿದಾಗ ಒಂದು ಕೊಡುತ್ತಿದ್ದ. ಯಾಕಪ್ಪಾ ಅಂದರೆ, "ಇದು ಕಡೀ ಔಷಧ ಅಂತಲ್ರಿ ಅಕ್ಕಾರ. ಈಗ ಕೊಟ್ಟು ಮುಗಿಸಿದ್ರ ಮುಂದ ಏನ್ ಕೊಡೂದು?" ಅಂದ. ಕೆಟ್ಟ ಮಗ ಅಲ್ಲ ಅವನು. ಅವ್ವನ ಸಲುವಾಗಿ ಗುಳಿಗೆ ಉಳಿತಾಯ ಮಾಡುತ್ತಿದ್ದ.

ಮಾರ್ಫಿನ್ ಹಾಗೆ ಮುಗಿದುಹೋಗುವ ಔಷಧ ಅಲ್ಲ. ನೋವು ಜಾಸ್ತಿಯಾದರೆ ಡಾಕ್ಟರು ಪ್ರಮಾಣ ಏರಿಸುತ್ತಾರೆ, ಇಷ್ಟಕ್ಕೇ ನಿಲ್ಲಬೇಕು ಅನ್ನುವ ಗೆರೆ ಇಲ್ಲ. ಸಾದಾ ಮಾರ್ಫಿನ್ ಗುಳಿಗೆಯ ಪರಿಣಾಮ ಇರುವುದು ಸುಮಾರು ನಾಲ್ಕು ತಾಸು. ನೋವು ಬಂದ ಮೇಲೆ ಕೊಟ್ಟರೆ ಅದು ಹತ್ತುವವರೆಗೆ ರೋಗಿ ಒದ್ದಾಡಬೇಕು. ಹತ್ತಿ ಇಳಿಯುವ ಹೊತ್ತಿಗೆ ನೋವು ಮತ್ತೆ ಹಾಜರು. ಇಳಿಯುವ ಮುಂಚೆಯೇ ಮುಂದಿನ ಗುಳಿಗೆ ಕೊಟ್ಟರೆ ನೋವಿಗೆ ಸಂದು ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಇದನ್ನು ಸರಳವಾಗಿ ಹೇಳಿತು: ಬಾಯಿಂದ ಕೊಡಿ, ಗಡಿಯಾರ ನೋಡಿ ಕೊಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಪ್ಯಾರಾಸಿಟಮಾಲ್‌ನಂಥದ್ದು ಮೊದಲ ಮೆಟ್ಟಿಲು, ಟ್ರಮಡಾಲ್‌ನಂಥದ್ದು ಎರಡನೆಯದು, ಮಾರ್ಫಿನ್ ಮೂರನೆಯದು.

ಆ ಮನೆಯಲ್ಲಿ ಡಾಕ್ಟರು ಹೇಳಿದ ಹಾಗೆ ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಅಂತ ಹೊತ್ತು ಗೊತ್ತು ಮಾಡಿದೆವು. ರಾತ್ರಿ ಹತ್ತರದ್ದು ಎರಡು ಪಟ್ಟು. ನಡುರಾತ್ರಿ ಎಬ್ಬಿಸುವುದು ಬೇಡ ಅಂತ. ಸೊಸೆಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗಳು ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಐದು ಮನೆ ಗೀಟು ಹಾಕಿ, ಏಳುವ ಸೂರ್ಯ, ನೆತ್ತಿ ಮೇಲಿನ ಸೂರ್ಯ, ಚಂದ್ರ ಎಲ್ಲ ಬರೆದು ಗೋಡೆಗೆ ಅಂಟಿಸಿದಳು. ಗುಳಿಗೆ ಕೊಟ್ಟ ಕೂಡಲೇ ಸೊಸೆ ಅಲ್ಲಿ ಕುಂಕುಮದ ಬೊಟ್ಟು ಇಡುತ್ತಿದ್ದಳು. ನಮ್ಮ ತಂಡದ ಛಾಪಿಸಿದ ಚಾರ್ಟಿಗಿಂತ ಅದೇ ಚೆನ್ನಾಗಿತ್ತು.

ಜೊತೆಗೆ ಮಲಬದ್ಧತೆಗೆ ಮೊದಲ ದಿನದಿಂದಲೇ ರಾತ್ರಿ ಗುಳಿಗೆ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಹೊಟ್ಟೆ ಕಟ್ಟುವುದು ಹೆಚ್ಚುಕಡಿಮೆ ಗ್ಯಾರಂಟಿ. ಮಾರ್ಫಿನ್ ಬರೆದು ಅದಕ್ಕೆ ಔಷಧ ಬರೆಯದ ಚೀಟಿಯನ್ನು ನಾನು ಅರ್ಧ ಚೀಟಿ ಅಂತಲೇ ಕರೆಯುತ್ತೇನೆ. ಎಷ್ಟೋ ಜನ "ಆ ಗುಳಿಗಿ ಆಗಿ ಬರಲಿಲ್ಲ" ಅಂತ ಬಿಡುವುದು ಇದೇ ಕಾರಣಕ್ಕೆ. ಶುರುವಿನ ಎರಡು ಮೂರು ದಿನ ವಾಕರಿಕೆ, ತೂಕಡಿಕೆ ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಇದನ್ನು ಮೊದಲೇ ಹೇಳಿಟ್ಟರೆ ಮನೆಯವರು ಹೆದರುವುದಿಲ್ಲ.

ಆ ಹೆಣ್ಣುಮಗಳು ವಾರದೊಳಗೆ ಮಲಗಿ ನಿದ್ದೆ ಮಾಡಿದರು. ಎಲುಬಿನ ನೋವಿಗೆ ಒಂದೇ ಸಲದ ರೇಡಿಯೇಷನ್ ಕೊಡಿಸಿದರೂ ಎಷ್ಟೋ ಆರಾಮ ಸಿಗುತ್ತದೆ. ಅದಕ್ಕಾಗಿ ಒಂದು ದಿನ ಆಸ್ಪತ್ರೆಗೆ ಹೋಗಿ ಬಂದರು. ಮನೆ ಆರೈಕೆ ತೆಗೆದುಕೊಂಡರೆ ಆಸ್ಪತ್ರೆಯ ಬಾಗಿಲು ಮುಚ್ಚಿತು ಅಂತ ಯಾರೂ ತಿಳಿಯಬೇಡಿ. ಬೆನ್ನೆಲುಬಿಗೆ ಹಬ್ಬಿದವರಿಗೆ ಒಮ್ಮೆಲೇ ಕಾಲಿನ ಶಕ್ತಿ ಹೋದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ನಾಳೆ ನೋಡೋಣ ಅಂದರೆ ಆ ಕಾಲು ಮತ್ತೆ ಬರದೇ ಹೋಗಬಹುದು. ಮುಂದಿನ ಸಲ ನಾವು ಹೋದಾಗ ಅವರು ಅಡಿಗೆ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಶೇಂಗಾ ಚಟ್ನಿಗೆ ಉಪ್ಪು ಕಡಿಮೆ ಅಂತ ಸೊಸೆಗೆ ಬೈಯುತ್ತಿದ್ದರು. ಸೊಸೆ ನಮ್ಮ ಕಡೆ ನೋಡಿ, "ಆರಾಮ ಆಗ್ಯಾರ ನೋಡ್ರಿ" ಅಂದಳು.

ಮಾರ್ಫಿನ್ ಸಿಗುವುದೇ ಕಷ್ಟ ಅಲ್ವಾ ಅಂತ ಕೇಳುತ್ತೀರಿ. ಹೌದು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರೆ. ಮಾರ್ಫಿನ್ ಅದರಿಂದಲೇ ಬರುತ್ತದೆ. ಬೆಳೆಯುವ ದೇಶದಲ್ಲೇ ಔಷಧಕ್ಕೆ ಬರ. ಕಾರಣ 1985ರ ಮಾದಕ ವಸ್ತು ಕಾನೂನು. ಕಳ್ಳ ವ್ಯಾಪಾರ ತಡೆಯಲು ತಂದ ಕಾನೂನು ಆಸ್ಪತ್ರೆಗಳನ್ನೂ ಹೆದರಿಸಿತು. ಒಂದು ಔಷಧಕ್ಕೆ ನಾಲ್ಕಾರು ಲೈಸೆನ್ಸ್, ಬೇರೆ ಬೇರೆ ಇಲಾಖೆ. ಯಾಕೆ ಬೇಕು ಈ ಉಸಾಬರಿ ಅಂತ ಹೆಚ್ಚಿನವರು ತರಿಸುವುದನ್ನೇ ಬಿಟ್ಟರು. 2014ರಲ್ಲಿ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಲ್ಲಿ ಇಟ್ಟುಕೊಳ್ಳಬಹುದು ಅಂತಾಯಿತು. ಕಾನೂನು ಸಡಿಲ ಆಯಿತು, ಹೆದರಿಕೆ ಇನ್ನೂ ಸಡಿಲ ಆಗಿಲ್ಲ. ಹಾಗಾಗಿ ಡಿಸ್ಚಾರ್ಜ್ ಹೊತ್ತಿಗೆ ನೀವೇ ಬಾಯಿ ಬಿಟ್ಟು ಕೇಳಬೇಕು: "ನೋವಿನ ಗುಳಿಗೆ ಎಲ್ಲಿ ಸಿಗುತ್ತದೆ, ಮುಗಿದರೆ ಯಾರು ಬರೆದುಕೊಡುತ್ತಾರೆ?"

ಇನ್ನು ವಾಸನೆ. ಸಭೆಯಲ್ಲಿ ಇದನ್ನು ಯಾರೂ ಮಾತಾಡುವುದಿಲ್ಲ. ನಾನು ಮಾತಾಡುತ್ತೇನೆ.

ನಮ್ಮ ಕಡೆ ಬಾಯಿ ಕ್ಯಾನ್ಸರ್ ಜಾಸ್ತಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಅಂಗಡಿಯವನು ಎರಡನ್ನೂ ಒಟ್ಟಿಗೇ ಕೊಡುತ್ತಾನೆ, ಕೊಂಡವನು ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಾನೆ. ನಿಷೇಧಕ್ಕೂ ಮಾನ, ವ್ಯಾಪಾರಕ್ಕೂ ಮಾನ. ಇರಲಿ.

ರೋಣದ ಕಡೆಯ ಒಂದು ಹಳ್ಳಿ. ರೈತ, ಗಲ್ಲದ ಕ್ಯಾನ್ಸರ್ ಹೊರಗೆ ಒಡೆದಿತ್ತು. ಅವರ ಮಂಚವನ್ನು ಪಡಸಾಲೆಯಿಂದ ತೆಗೆದು ಹಿತ್ತಲ ಕಡೆ, ಹೊಟ್ಟಿನ ಕೋಣೆಗೆ ಹಾಕಿದ್ದರು. ಸುತ್ತ ಊದಿನಕಡ್ಡಿ. ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದಳು. ಅದು ಗಂಡನಿಗೆ ಕಾಣಬಾರದು ಅಂತ ಬಾಗಿಲ ಹೊರಗೇ ಒಂದು ಕ್ಷಣ ನಿಂತು, ಸೆರಗು ಬಿಟ್ಟು, ಉಸಿರು ಬಿಗಿಹಿಡಿದು ಹೋಗುತ್ತಿದ್ದಳು. ಅವರಿಗೆ ಕಾಣದೇ ಇರುತ್ತದೆಯೇ? ಮೊಮ್ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ನೋವು ಆ ಮನುಷ್ಯನಿಗೆ ಅಷ್ಟೇನೂ ಇರಲಿಲ್ಲ. ಒಬ್ಬನೇ ಬಿದ್ದಿರುವುದೇ ಅವರ ರೋಗ ಆಗಿತ್ತು.

ಈ ವಾಸನೆ ಬರುವುದು ಸತ್ತ ಮಾಂಸದಲ್ಲಿ, ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾದಿಂದ. ಅದಕ್ಕೆ ಮೆಟ್ರೊನಿಡಜೋಲ್ ಅಂತ ಗುಳಿಗೆ ಇದೆ, ಭೇದಿಗೆ ಕೊಡುತ್ತಾರಲ್ಲ, ಅದೇ. ದುಬಾರಿ ಏನಲ್ಲ. ಅದನ್ನು ಹಾಳೆಯಲ್ಲಿ ಇಟ್ಟು ಲಟ್ಟಣಿಗೆಯಿಂದ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುತ್ತೇವೆ. ಅದಕ್ಕೂ ಮೊದಲು ಗಾಯ ತೊಳೆಯಬೇಕು. ಅರ್ಧ ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿದರೆ ಗಾಯ ತೊಳೆಯುವ ನೀರು ಸಿದ್ಧ. ಹಳೆಯ ಹತ್ತಿ ಧೋತರ ಒಗೆದು, ಬಿಸಿಲಿಗೆ ಒಣಗಿಸಿ, ಅಂಗೈ ಅಗಲ ಕತ್ತರಿಸಿ, ಡಬ್ಬಿಗೆ ತುಂಬಿ ಕುಕ್ಕರಿನಲ್ಲಿ ಹಬೆಗೆ ಇಟ್ಟರೆ ಪಟ್ಟಿ ಸಿದ್ಧ. ಪಟ್ಟಿ ಬಿಚ್ಚುವಾಗ ಎಳೆಯಬಾರದು. ಅದೇ ಉಪ್ಪು ನೀರಿನಲ್ಲಿ ನೆನೆಸಿ, ತಾನಾಗಿ ಸಡಿಲ ಆದ ಮೇಲೆ ತೆಗೆಯಬೇಕು. ಇಲ್ಲದಿದ್ದರೆ ರಕ್ತ ಬರುತ್ತದೆ. ಆ ಹೆಂಡತಿ ಇದನ್ನು ನಮ್ಮ ಎದುರಿಗೇ ಒಂದು ಸಲ ಮಾಡಿದಳು. ಆಮೇಲೆ ದಿನಾ ತಾನೇ ಮಾಡಿದಳು. ನಾಲ್ಕೈದು ದಿನದಲ್ಲಿ ವಾಸನೆ ಎಷ್ಟೋ ಇಳಿಯಿತು. ಮಂಚ ಪಡಸಾಲೆಗೆ ಬಂತು. ಮೊದಲು ಈ ಪಟ್ಟಿಗಾಗಿಯೇ ಅವರನ್ನು ಬಾಡಿಗೆ ಗಾಡಿಯಲ್ಲಿ ಪಟ್ಟಣಕ್ಕೆ ಒಯ್ಯುತ್ತಿದ್ದರಂತೆ. ಆ ಖರ್ಚೂ ಉಳಿಯಿತು.

ಇಂಥ ಗಾಯ ಕುತ್ತಿಗೆಯ ಹತ್ತಿರ ಇದ್ದರೆ ಒಮ್ಮೊಮ್ಮೆ ಜೋರಾಗಿ ರಕ್ತ ಹರಿಯುವ ಅಪಾಯ ಇರುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳುತ್ತೇವೆ. ಕಡು ಕೆಂಪೋ, ಕಪ್ಪೋ ಬಣ್ಣದ ಟವೆಲ್, ಹಳೆಯ ಕೌದಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ ಅನ್ನುತ್ತೇವೆ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ರೋಗಿಗೂ ನೋಡಿದವರಿಗೂ ಗಾಬರಿ ಜಾಸ್ತಿ. ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಹತ್ತಿರವೇ ಇರಿ, ಫೋನ್ ಮಾಡಿ.

ಊಟದ ಜಗಳ ಇಲ್ಲದ ಮನೆ ನಾನು ನೋಡಿಲ್ಲ. "ಉಣ್ಣಲಿಲ್ಲಂದ್ರ ಶಕ್ತಿ ಎಲ್ಲಿಂದ ಬರಬೇಕು?" ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಕೊನೆ ಕೊನೆಗೆ ರೋಗವೇ ಹಸಿವನ್ನು ತೆಗೆದುಬಿಡುತ್ತದೆ. ಉಣ್ಣದ್ದಕ್ಕೆ ರೋಗ ಹೆಚ್ಚಿತು ಅನ್ನುವುದು ತಿರುಗುಮುರುಗು ಲೆಕ್ಕ. ತಟ್ಟೆ ತುಂಬ ಬಡಿಸಬೇಡಿ. ಸಣ್ಣ ಬಟ್ಟಲಲ್ಲಿ ನುಚ್ಚಿನ ಗಂಜಿ, ಮಜ್ಜಿಗೆ, ಅವರು ಕೇಳಿದ್ದು, ಕೇಳಿದಾಗ. ಬ್ಯಾಡಗಿ ಮೆಣಸಿನಕಾಯಿಯ ಸೀಮೆ ನಮ್ಮದು, ಖಾರ ಇಲ್ಲದ್ದು ಊಟವೇ ಅಲ್ಲ ಅನ್ನುವ ಜನ. ಬಾಯಿ ಹುಣ್ಣಾದವರಿಗೆ ಸಪ್ಪೆ ಕೊಡುವುದೇ ಮನೆಯವರಿಗೆ ಒಂದು ದುಃಖ. ಮೂಗಿನಿಂದ ನಳಿಗೆ ಹಾಕಿದ್ದರೆ ಗಂಜಿ ಬಟ್ಟೆಯಲ್ಲಿ ಸೋಸಿ, ರೋಗಿಯನ್ನು ಎಬ್ಬಿಸಿ ಕೂರಿಸಿ ನಿಧಾನ ಹಾಕಿ, ಕೊನೆಗೆ ನೀರು ಬಿಟ್ಟು ನಳಿಗೆ ತೊಳೆಯಿರಿ, ಅರ್ಧ ತಾಸು ಮಲಗಿಸಬೇಡಿ.

ಇದರ ತಂಗಿಯೇ ಸಲೈನ್. "ಒಂದ್ ಬಾಟ್ಲಿ ಹಚ್ರಿ, ಸ್ವಲ್ಪ ಜೀವ ಬರ್ತದ." ಊರಿನಿಂದ ನೋಡಲು ಬಂದ ಅಳಿಯ ಇದನ್ನು ಹೇಳಿಯೇ ಹೇಳುತ್ತಾನೆ. ವಾಂತಿ ಭೇದಿ ಆಗಿ ನೀರು ಹೋದವರಿಗೆ ಸಲೈನ್ ಬೇಕು, ಅದು ಬೇರೆ. ಸಾವಿನ ಅಂಚಿನಲ್ಲಿ ಇರುವ ಶರೀರಕ್ಕೆ ಆ ನೀರನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಕೈಕಾಲು ಬಾವು ಬರುತ್ತದೆ, ಎದೆಯಲ್ಲಿ ಕಫ ಹೆಚ್ಚುತ್ತದೆ. ಆಗ ಬೇಕಾದದ್ದು ಒದ್ದೆ ಹತ್ತಿ ಬಟ್ಟೆಯಿಂದ ಬಾಯಿ, ನಾಲಿಗೆ ಒರೆಸುವುದು, ತುಟಿಗೆ ತುಪ್ಪವೋ ಕೊಬ್ಬರಿ ಎಣ್ಣೆಯೋ ಹಚ್ಚುವುದು. ಇದನ್ನು ಮಗಳು ಮಾಡಬಹುದು, ಸೂಜಿ ಬೇಕಾಗಿಲ್ಲ.

"ಅವ್ವಗ ಹೇಳಬ್ಯಾಡ್ರಿ." ಹೊಸ್ತಿಲು ದಾಟುವ ಮುಂಚೆಯೇ, ಅಂಗಳದಲ್ಲೇ ನಮ್ಮನ್ನು ತಡೆದು ಹೇಳುವ ಮಾತು ಇದು. ನಾವು ಹಟ ಹಿಡಿಯುವುದಿಲ್ಲ. ಹೇಳುತ್ತೇವೆ ಅಂತಲೂ ಅನ್ನುವುದಿಲ್ಲ, ಸುಳ್ಳು ಹೇಳುತ್ತೇವೆ ಅಂತಲೂ ಒಪ್ಪುವುದಿಲ್ಲ. ಒಳಗೆ ಹೋಗಿ, "ಅಮ್ಮಾರ, ನಿಮಗ ಏನಾಗೇತಿ ಅಂತ ತಿಳ್ಕೊಂಡೀರಿ?" ಅಂತ ಕೇಳುತ್ತೇವೆ. ಆಮೇಲೆ ಸುಮ್ಮನಿರುತ್ತೇವೆ. ಒಬ್ಬ ಅಜ್ಜಿ ಹೇಳಿದ್ದು ಹೀಗೆ: "ನನಗ ಎಲ್ಲಾ ಗೊತ್ತೈತಿ ಯವ್ವಾ. ಹುಡುಗ್ರು ಅಂಜತಾವ ಅಂತ ನಾನs ಸುಮ್ನದೀನಿ." ಕ್ಯಾನ್ಸರ್ ಆಸ್ಪತ್ರೆಯ ಬೋರ್ಡು ಓದಿ, ಕೂದಲು ಉದುರಿ, ಪಕ್ಕದ ಹಾಸಿಗೆಯವರ ಜೊತೆ ಮಾತಾಡಿ ಬಂದವರಿಗೆ ಗೊತ್ತಿರುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಎಲ್ಲರಿಗೂ ಎಲ್ಲ ಹೇಳಲೇಬೇಕು ಅಂತ ನನ್ನ ವಾದ ಅಲ್ಲ. ಕೆಲವರಿಗೆ ನಿಜವಾಗಿಯೂ ಕೇಳುವ ಮನಸ್ಸು ಇರುವುದಿಲ್ಲ. ಅದನ್ನು ತೀರ್ಮಾನ ಮಾಡಬೇಕಾದವರು ಅವರು.

ಗೊತ್ತಾದರೆ ಮಾಡಿಕೊಳ್ಳುವ ಕೆಲಸಗಳೂ ಇರುತ್ತವೆ. ಹಾವೇರಿ ಜಿಲ್ಲೆಯ ಒಬ್ಬ ಹಿರಿಯರಿಗೆ ಎಷ್ಟು ಗುಳಿಗೆ ಏರಿಸಿದರೂ ರಾತ್ರಿ ನೋವು ತಗ್ಗುತ್ತಿರಲಿಲ್ಲ. ಹಗಲು ಅಡ್ಡಿ ಇಲ್ಲ, ರಾತ್ರಿ ತಾಳಲಾರದು. ಮಾತಾಡುತ್ತಾ ಕೂತಾಗ ವಿಷಯ ಹೊರಬಂತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಇನ್ನೂ ಅಣ್ಣತಮ್ಮಂದಿರದ್ದು ಜಂಟಿಯಾಗಿತ್ತು, ಮೇಲೆ ಸೊಸೈಟಿ ಸಾಲ, ತಾನು ಹೋದ ಮೇಲೆ ಹೆಂಡತಿಯನ್ನು ಹೊರಗೆ ಹಾಕುತ್ತಾರೆ ಅನ್ನುವ ಚಿಂತೆ. ತಮ್ಮನನ್ನು ಕರೆಸಿ, ವಾಟ್ನಿ ಕಾಗದ, ಅಂದರೆ ಆಸ್ತಿ ಪಾಲಿನ ಪತ್ರ, ಮಾಡಿಸಲು ಮನೆಯವರು ಓಡಾಡಿದರು. ಆಮೇಲೆ ಅದೇ ಗುಳಿಗೆ, ಅಷ್ಟೇ ಗುಳಿಗೆ ಸಾಕಾಯಿತು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅಂತ ಇದ್ದರು. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಓದಿ ಡಾಕ್ಟರ್ ಆದವರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಯ ದಿನಗಳ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ, ತೆರೆದರು, ಎರಡು ವರ್ಷದಲ್ಲಿ ಅಲ್ಲಿಂದಲೇ ಮನೆ ಆರೈಕೆಯೂ ಶುರುವಾಯಿತು. ಶರೀರದ ನೋವು, ಮನಸ್ಸಿನದು, ಮನೆತನದ್ದು, ದೇವರ ಜೊತೆಗಿನ ಜಗಳ, ಎಲ್ಲ ಸೇರಿಯೇ ರೋಗಿಗೆ ಒಂದು ನೋವು ಅಂತ ಅವರು ಹೇಳಿದ್ದು. ಆಸ್ಪತ್ರೆಯ ಓಪಿಡಿಯಲ್ಲಿ ಉತಾರದ ವಿಷಯ ಹೊರಗೆ ಬರುವುದಿಲ್ಲ. ಮನೆಯ ಕಟ್ಟೆಯ ಮೇಲೆ ಬರುತ್ತದೆ. ಮನೆಗೆ ಹೋಗುವುದರಿಂದ ಏನು ಲಾಭ ಅಂತ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಲೆಕ್ಕ ಬೇಕು ಅನ್ನುವವರಿಗೆ ಅದೂ ಇದೆ. 2013ರಲ್ಲಿ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮನೆ ಆರೈಕೆ ಸಿಕ್ಕವರು ಮನೆಯಲ್ಲೇ ಪ್ರಾಣ ಬಿಡುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ, ತ್ರಾಸು ಕಡಿಮೆ ಅಂತ ಕಂಡುಬಂತು. ಆದರೆ ಜಗತ್ತಿನಲ್ಲಿ ಪ್ಯಾಲಿಯೇಟಿವ್ ಆರೈಕೆ ಬೇಕಾದವರಲ್ಲಿ ಅದು ಸಿಗುವುದು ನೂರಕ್ಕೆ ಸುಮಾರು 14 ಜನರಿಗೆ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಒಂದು ಕಹಿ ಮಾತನ್ನೂ ಹೇಳಬೇಕು. ಮನೆ ಆರೈಕೆ ಅಂತ ನಾವು ಹೊಗಳುತ್ತೇವಲ್ಲ, ಅದು ನಿಂತಿರುವುದು ಮನೆಯ ಹೆಣ್ಣುಮಕ್ಕಳ ಬೆನ್ನಿನ ಮೇಲೆ. ರೋಗಿಗೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಅಂತ ನಾನು ಸಲೀಸಾಗಿ ಹೇಳಿ ಬರುತ್ತೇನೆ. ಬದಲಿಸುವವಳು ಬೆಳಗ್ಗೆ ಎದ್ದು ರೊಟ್ಟಿ ಬಡಿಯಬೇಕು, ಕೂಲಿಗೂ ಹೋಗಬೇಕು. ಅದಕ್ಕೇ ನಮ್ಮ ತಂಡದಲ್ಲಿ ಒಂದು ರೂಢಿ ಇದೆ. ರೋಗಿಯನ್ನು ನೋಡಿದ ಮೇಲೆ ಆರೈಕೆ ಮಾಡುವವರನ್ನು ಹೊರಗೆ ಕರೆದು, "ನೀವು ಉಂಡ್ರಾ? ನಿದ್ದಿ ಆಗ್ತದೇನು?" ಅಂತ ಕೇಳುತ್ತೇವೆ. ಎಷ್ಟೋ ಜನ ಆ ಪ್ರಶ್ನೆಗೇ ಅತ್ತುಬಿಡುತ್ತಾರೆ. ಗಂಡುಮಕ್ಕಳಿಗೂ ಪಟ್ಟಿ ಕಟ್ಟುವುದನ್ನು ಕಲಿಸುತ್ತೇವೆ, ಬೇಕಂತಲೇ. ಶುರುವಿಗೆ ನಾಚುತ್ತಾರೆ, ಆಮೇಲೆ ಚೆನ್ನಾಗಿಯೇ ಮಾಡುತ್ತಾರೆ.

ಎಲ್ಲರಿಗೂ ಮನೆಯೇ ಒಳ್ಳೆಯದು ಅಂತಲೂ ಅಲ್ಲ. ಒಂದೇ ಕೋಣೆಯಲ್ಲಿ ಆರು ಜನ ಇದ್ದರೆ, ರೋಗಿ ಒಂಟಿಯಾಗಿದ್ದರೆ, ಯಾವ ಗುಳಿಗೆಗೂ ತ್ರಾಸು ಹಿಡಿತಕ್ಕೆ ಬರದಿದ್ದರೆ ಹಾಸ್ಪೈಸ್ ಬೇಕು. ಬೆಂಗಳೂರಿನಲ್ಲಿ ಕರುಣಾಶ್ರಯ ಹಣ ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಿದೆ. ಗದಗಿನವರು ಅಷ್ಟು ದೂರ ಹೋಗುವುದು ಹೇಗೆ ಅನ್ನುವುದು ನ್ಯಾಯವಾದ ಪ್ರಶ್ನೆ.

ಕೇರಳದವರು ಇದಕ್ಕೆ ಒಂದು ದಾರಿ ಮಾಡಿಕೊಂಡರು. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವಿನ ಕ್ಲಿನಿಕ್ ಶುರು ಮಾಡಿದರು. ಆಮೇಲೆ ಊರೂರಿನ ಜನ, ಮೇಷ್ಟ್ರು, ಅಂಗಡಿಯವರು, ವಿದ್ಯಾರ್ಥಿಗಳು ತರಬೇತಿ ಪಡೆದು ಓಣಿ ಓಣಿಯಲ್ಲಿ ರೋಗಿಗಳನ್ನು ನೋಡಿಕೊಂಡರು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ನೀತಿ ತಂದಿತು, ಪಂಚಾಯಿತಿಗಳು ಕೈಜೋಡಿಸಿದವು. ನಮ್ಮಲ್ಲೂ ಕಾಗದದ ಮೇಲೆ ಕಮ್ಮಿ ಇಲ್ಲ. ಸರ್ಕಾರದ ಸ್ಥಳೀಯ ಆರೋಗ್ಯ ಕೇಂದ್ರಗಳಾದ ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಸೇವೆಗಳಲ್ಲಿ ಪ್ಯಾಲಿಯೇಟಿವ್ ಆರೈಕೆಯೂ ಒಂದು. ಆಶಾ ಅಕ್ಕಂದಿರು ಇಂಥ ರೋಗಿಗಳನ್ನು ಗುರುತಿಸಬೇಕು ಅಂತ ಅದರಲ್ಲಿದೆ. ನಿಮಗೆ ಇರುವ ಕೆಲಸ, ಸಿಗುವ ಸಂಬಳ ನೋಡಿದರೆ ಇನ್ನೊಂದು ಕೆಲಸ ಹೊರಿಸಲು ನನಗೆ ಬಾಯಿ ಬರುವುದಿಲ್ಲ. ಆದರೂ ಊರಿನಲ್ಲಿ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಇಷ್ಟಾದ ಮೇಲೆ ಪ್ರಶ್ನೆಗಳು ಬಂದವು.

ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು, ಮಾರ್ಫಿನ್ ಕೊಟ್ಟರೆ ಚಟ ಹತ್ತುವುದಿಲ್ಲವೇ, ಆಯುಷ್ಯ ಕಡಿಮೆ ಆಗುವುದಿಲ್ಲವೇ ಅಂತ ಕೇಳಿದಳು. ನೋವಿಗೆ ತಕ್ಕಷ್ಟು, ಡಾಕ್ಟರು ಹೇಳಿದ ಹಾಗೆ ಕೊಟ್ಟರೆ ಕ್ಯಾನ್ಸರ್ ರೋಗಿಗಳಲ್ಲಿ ಚಟ ಆಗುವುದು ಬಹಳ ಅಪರೂಪ, ಅದು ಸಾವನ್ನೂ ಹತ್ತಿರ ತರುವುದಿಲ್ಲ ಅಂದೆ. ಒಮ್ಮೆಲೇ ನಿಲ್ಲಿಸಬಾರದು, ಇಳಿಸುವುದಿದ್ದರೆ ನಿಧಾನವಾಗಿ ಇಳಿಸಬೇಕು. ಇನ್ನೊಬ್ಬರ ಗುಳಿಗೆಯನ್ನು ಮತ್ತೊಬ್ಬರಿಗೆ ಕೊಡಲೇಬಾರದು. ದಮ್ಮು ಕಟ್ಟಿದಾಗಲೂ ಕಡಿಮೆ ಪ್ರಮಾಣದ ಮಾರ್ಫಿನ್ ಉಪಯೋಗಕ್ಕೆ ಬರುತ್ತದೆ ಅಂತ ಹೇಳಿದ್ದಕ್ಕೆ ಅವಳಿಗೆ ಆಶ್ಚರ್ಯ. ಅದರ ಜೊತೆ ಕಿಟಕಿ ತೆರೆದು, ಎತ್ತರಕ್ಕೆ ಒರಗಿಸಿ, ಮುಖಕ್ಕೆ ಫ್ಯಾನಿನ ಗಾಳಿ ಬಿಡಿ, ನೋಡಲು ಬಂದವರನ್ನು ಹೊರಗೆ ಕೂರಿಸಿ.

ಮಲೆನಾಡಿನ ಕಡೆಯಿಂದ ಗಿಡಮೂಲಿಕೆ ತರುತ್ತಿದ್ದೇವೆ, ಬಿಡಬೇಕೇ ಅಂತ ಒಬ್ಬ ತಾಯಿ ಕೇಳಿದರು. ನಾನು ಜಗಳಕ್ಕೆ ಹೋಗುವುದಿಲ್ಲ ತಾಯಿ. ನೋವಿನ ಗುಳಿಗೆ ನಿಲ್ಲಿಸಬೇಡಿ, ಏನು ಕೊಡುತ್ತೀರಿ ಅಂತ ನಮ್ಮ ಡಾಕ್ಟರಿಗೆ ತೋರಿಸಿ, ಹೊಟ್ಟೆ ಕೆಟ್ಟರೆ ಅವತ್ತೇ ಬಿಡಿ, ಅದಕ್ಕಾಗಿ ಸಾಲ ಮಾಡಬೇಡಿ.

"ನಮ್ಮ ಕಡೆ ಗುಳಿಗಿನೂ ಇಲ್ಲ, ಇಂಜಕ್ಷನ್ನೂ ಇಲ್ಲ. ನಾವು ಹೋಗಿ ಏನ್ ಮಾಡೂದ್ರಿ?" ಇದು ಒಬ್ಬ ಆಶಾ ಅಕ್ಕನ ಪ್ರಶ್ನೆ. ಬಾಯಿ ತೆರೆಸಿ ನೋಡಿ, ಬಿಳಿ ಕಟ್ಟಿದೆಯೇ ಅಂತ. ಬೆನ್ನು ತಿರುಗಿಸಿ ನೋಡಿ, ಕೆಂಪಾಗಿದೆಯೇ ಅಂತ. ಸಂಡಾಸಕ್ಕೆ ಹೋಗಿ ಎಷ್ಟು ದಿನ ಆಯಿತು ಕೇಳಿ. ನಿನ್ನೆ ರಾತ್ರಿ ನಿದ್ದೆ ಬಂತೇ ಕೇಳಿ. ಇಷ್ಟು ವಿಷಯ ಫೋನಿನಲ್ಲಿ ಸಿಕ್ಕರೆ ಡಾಕ್ಟರು ಅರ್ಧ ಕೆಲಸ ಅಲ್ಲಿಂದಲೇ ಮಾಡುತ್ತಾರೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ಮನೆಯಲ್ಲೇ ಹೋದರೆ ಆಮೇಲೆ ಪೊಲೀಸು, ಕಾಗದ ಪತ್ರದ ತಾಪತ್ರಯ ಇದೆಯೇ ಅಂದರು. ಬಹಳ ಜನರ ಮನಸ್ಸಿನಲ್ಲಿ ಇರುವ ಅಂಜಿಕೆ ಅದು. ರೋಗದಿಂದ ಮನೆಯಲ್ಲಿ ತೀರಿಕೊಂಡರೆ ಪೊಲೀಸರ ಮಾತೇ ಬರುವುದಿಲ್ಲ. ನೋಡಿಕೊಳ್ಳುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಕಾಗದ ಪಡೆಯಿರಿ, 21 ದಿನದೊಳಗೆ ನೋಂದಣಿ ಮಾಡಿಸಿ. ಆಸ್ಪತ್ರೆಯ ಫೈಲನ್ನು ಎಸೆಯಬೇಡಿ. ಕೊನೆಯ ತಾಸುಗಳಲ್ಲಿ ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಒಂದು ಮಗ್ಗಲಿಗೆ ಹೊರಳಿಸಿ. ಎಲ್ಲರೂ ಸರದಿಯಲ್ಲಿ ಬಾಯಿಗೆ ನೀರು ಬಿಡುವ ಪದ್ಧತಿ ಇದೆಯಲ್ಲ, ಎಚ್ಚರ ತಪ್ಪಿದವರಿಗೆ ಆ ನೀರು ಎದೆಗೆ ಇಳಿಯುತ್ತದೆ. ತುಟಿಗೆ ಮುಟ್ಟಿಸಿದರೆ ಸಾಕು, ಶಾಸ್ತ್ರವೂ ಆಯಿತು.

ಕೊನೆಯ ಪ್ರಶ್ನೆ, ಉಳಿದ ಗುಳಿಗೆ ಏನು ಮಾಡುವುದು ಅಂತ. ಮಾರ್ಫಿನ್ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಯಾರಿಗೂ ಕೊಡಬೇಡಿ, ಚರಂಡಿಗೂ ಹಾಕಬೇಡಿ. ಎಣಿಸಿ, ಚೀಟಿ ಸಮೇತ, ಕೊಟ್ಟ ಆಸ್ಪತ್ರೆಗೇ ವಾಪಸ್ ಮಾಡಿ. ನಮ್ಮ ತಂಡದಿಂದ ಒಯ್ದ ಗಾಳಿ ಹಾಸಿಗೆ ಇದ್ದರೆ ಅದನ್ನೂ ಒರೆಸಿ, ಒಣಗಿಸಿ, ಮೋಟಾರಿನ ಸಮೇತ ಕಳಿಸಿ. ಅದಕ್ಕೆ ಕಾಯುತ್ತಿರುವ ಮನೆಗಳು ಯಾವಾಗಲೂ ಇರುತ್ತವೆ.